ಬೆಟ್ಟ ಬರಿದಾದ ಸಂಜೆ

ಮೊದಲ ಬೆಳಕಿಗೆ ಹಾಲ್ಬೇರಾ ಲಾಯದ ಬಾಗಿಲು ತೆಗೆದಳು. ದ್ರೀವಾ ತಿರುಗಿ ನೋಡಲಿಲ್ಲ.

ಬಾಗಿಲು ಕಿರ್ ಎಂದರೆ ಸಾಕು, ಮೂತಿ ಚಾಚಿ ಹಾಲ್ಬೇರಾಳ ಜೇಬು ಮೂಸುವ ಕುದುರೆ ಅದು. ಇವತ್ತು ಮೂಲೆಗೆ ಮುಖ ಮಾಡಿ ನಿಂತಿತ್ತು. ಮುಂದಿನ ಎಡಗಾಲನ್ನು ನೆಲಕ್ಕೆ ಊರಿರಲಿಲ್ಲ. ಹಾಲ್ಬೇರಾ ಕತ್ತಿನ ಮೇಲೆ ಕೈಯಿಟ್ಟಳು. ಕುದುರೆ ನಡುಗಿತು. ಮೆಲ್ಲಗೆ ತುಟಿ ಸರಿಸಿ ನೋಡಿದಳು. ನಾಲಿಗೆಯ ಮೇಲೆ ಅಡ್ಡಲಾಗಿ ಗಾಯ. ಒಸಡು ಕಿತ್ತುಹೋಗಿತ್ತು.

ಆ ಹೆಣ್ಣು ಕುದುರೆಯ ಬೆನ್ನ ಮೇಲೆ ಅವಳು ಒಂದು ಚಳಿಗಾಲವಿಡೀ ಬರೀ ಅಂಗೈ ಇಟ್ಟಿದ್ದಳು. ಮರುವರ್ಷ ಕಂಬಳಿ. ಅದರ ಮರುವರ್ಷ ಜೀನು. ಬೆಟ್ಟ ಹತ್ತುವಷ್ಟು ಮೂಳೆ ಇನ್ನೂ ಬಲಿತಿಲ್ಲವೆಂದು ಈ ಸಲದ ಮಂದೆ ಇಳಿಸುವ ಕೆಲಸಕ್ಕೂ ಒಯ್ಯದೆ, ಊರ ಲಾಯದಲ್ಲಿ ಬೆಚ್ಚಗೆ ಬಿಟ್ಟಿದ್ದಳು.

ಅವಳು ಪಶುವೈದ್ಯನಿಗೆ ಫೋನು ಮಾಡಿದಳು. ಆಮೇಲೆ ಅಲ್ದಿಸ್‌ಗೆ. ಹ್ರೀಮ್‌ದಾಲುರ್ ಕಣಿವೆಗೆ ಇರುವವಳು ಅವಳೊಬ್ಬಳೇ ಪೊಲೀಸು.

* * *

ಅಲ್ದಿಸ್ ಬಂದವಳೇ ಕುದುರೆಯನ್ನು ಮುಟ್ಟಲಿಲ್ಲ. ಅಂಗೈ ಚಾಚಿ, ದ್ರೀವಾ ಅದನ್ನು ಮೂಸುವವರೆಗೆ ಸುಮ್ಮನೆ ನಿಂತಳು. ಮೊದಲು ಕೇಳು, ಆಮೇಲೆ ಮುಟ್ಟು. ಈ ಕಣಿವೆಯ ಮಕ್ಕಳಿಗೆಲ್ಲ ಹಿರಿಯ ಸವಾರ ಯೋರುಂದುರ್ ಕಲಿಸುವ ಮೊದಲ ಪಾಠ ಅದು. ದೇವರ ಮುಂದೆ ಹೇಗೋ ಕುದುರೆಯ ಮುಂದೆಯೂ ಹಾಗೆ, ಅವಸರ ಮಾಡಿದವನಿಗೆ ಏನೂ ದಕ್ಕುವುದಿಲ್ಲ ಎನ್ನುತ್ತಿದ್ದ ಅವನು.

"ಯಾರೋ ಸವಾರಿ ಮಾಡಿದಾರೆ," ಎಂದಳು ಹಾಲ್ಬೇರಾ. "ಕೇಳಿಲ್ಲ, ಹೇಳಿಲ್ಲ."

"ಬೀಗ ಇರಲಿಲ್ವಾ?"

"ಲಾಯಕ್ಕೆ ಬೀಗ ಹಾಕೋದು ಯಾವತ್ತು ಕಂಡಿದೀಯೇ ನೀನು?"

"ಪರದೇಶದಿಂದ ಬಂದಿದ್ರಲ್ಲ, ಸವಾರಿ ನೋಡೋಕೆ?"

"ಅವರಾ? ನಿನ್ನೆ ಕುಡಿದು ಪಾದ್ರಿ ಮನೆ ಜಗಲೀಲಿ ಹಾಡ್ತಾ ಬಿದ್ದಿದ್ರು. ನಿಲ್ಲೋಕೇ ಬರ್ತಿರಲಿಲ್ಲ, ಕುದುರೆ ಹತ್ತೋದೆಲ್ಲಿಂದ ಬಂತು."

ಅಲ್ದಿಸ್ ಬಗ್ಗಿದಳು. ಕುದುರೆಯ ಬೆನ್ನು ಒಣಗಿತ್ತು. ಒಣಹುಲ್ಲಿನ ಸಿಂಬೆಯಲ್ಲಿ ಯಾರೋ ಬೆವರೆಲ್ಲ ಒರೆಸಿದ್ದರು. ನಾಲ್ಕೂ ಗೊರಸು ಕೆದಕಿ ಶುಚಿ ಮಾಡಿದ್ದರು. ನೊಂದ ಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿತ್ತು. ಗಂಟಿಲ್ಲ. ಪಟ್ಟಿಯ ತುದಿಯನ್ನು ಒಳಕ್ಕೆ ಸೇರಿಸಿದ್ದರು. ಗಂಟು ಹಾಕಿದರೆ ಕಾಲು ಊದಿದಾಗ ಬಿಗಿಯುತ್ತದೆ, ಹಾಗಾಗಿ. ಮುಂದಿದ್ದ ಹುಲ್ಲನ್ನೂ ಹುಣ್ಣಾದ ಬಾಯಿಗೆ ಚುಚ್ಚದಂತೆ ನೆನೆಸಿಟ್ಟಿದ್ದರು.

"ವಿಚಿತ್ರ," ಎಂದಳು. "ಕದ್ದು ಓಡಿಸಿದವನು ಬೆವರು ಒರೆಸ್ತಾನಾ?"

"ಬಾಯಿ ಹರಿದು ಆಮೇಲೆ ತಲೆ ಸವರೋರೂ ಇರ್ತಾರೆ ಬಿಡು."

ಗದ್ದದ ಕೆಳಗೆ ಕೂದಲು ಉದುರಿ ತೊಗಲು ಕೆಂಪಾಗಿತ್ತು. ಸರಪಳಿ ಒತ್ತಿದ ಗುರುತು. ಹಾಲ್ಬೇರಾ ಬಳಸುತ್ತಿದ್ದುದು ಮೆತ್ತನೆಯ ಕಡಿವಾಣ. ಅದಕ್ಕೆ ಸರಪಳಿಯೇ ಇಲ್ಲ. ಉದ್ದ ಸರಳಿನ, ಗದ್ದಕ್ಕೆ ಸರಪಳಿ ಬೀಳುವ ಹಳೆ ಕಡಿವಾಣ ಈಗ ಕೆಲವರ ಹತ್ತಿರ ಮಾತ್ರ ಉಂಟು.

ಕೆದಕಿದ ಮಣ್ಣಿನ ಹೆಂಟೆ ಹುಲ್ಲಿನ ನಡುವೆ ಬಿದ್ದಿತ್ತು. ಅಲ್ದಿಸ್ ಅದನ್ನು ಬೆರಳಲ್ಲಿ ಒಡೆದಳು. ಕೆಂಪು ಮಣ್ಣು. ಊರ ದಾರಿಯೆಲ್ಲ ಕರಿ ಮರಳು. ಕೆಂಪು ಮಣ್ಣಿರುವುದು ಬೆಟ್ಟದ ಮೇಲಿನ ಕೊರಕಲಲ್ಲಿ, ಅಲ್ಲಿ ಮಾತ್ರ.

ಅಷ್ಟರಲ್ಲಿ ಗ್ಲೂಮುರ್ ಒಳಗೆ ಬಂದ. ಕುದುರೆಗಾರರ ಸಂಘದ ಮುಖ್ಯಸ್ಥ. ಅವನ ಕೈಯಲ್ಲಿ ಒಂದು ಜೊತೆ ಕೈಗವಸು. ಅಂಗೈಯಲ್ಲಿ ರಕ್ತದ ಕಲೆ.

"ಹುಲ್ಲಿನ ಹಿಂದೆ ಸಿಕ್ತು. ಯಾರದು ಅಂತ ನಾನು ಹೇಳ್ಬೇಕಾ?"

ಆ ಕೈಗವಸು ಹೆಣೆದವಳು ಹಾಲ್ಬೇರಾಳೇ. ತನ್ನ ಆಳು ಕೆತಿಲ್‌ಗೆ ಕೊಟ್ಟಿದ್ದಳು.

* * *

ಕೆತಿಲ್ ಹಿಂದೊಮ್ಮೆ ಕುಡಿದ ಮತ್ತಿನಲ್ಲಿ ಒಂದು ಕುದುರೆಗೆ ಸಲಿಕೆಯಿಂದ ಹೊಡೆದಿದ್ದ. ಸಂಘ ಅವನನ್ನು ಎಲ್ಲ ಲಾಯಗಳಿಂದ ಹೊರಗಿಟ್ಟಿತ್ತು. ಕುಡಿತ ಬಿಟ್ಟು, ವರ್ಷಗಟ್ಟಲೆ ಮೀನು ಕತ್ತರಿಸಿ, ತಲೆ ತಗ್ಗಿಸಿಕೊಂಡು ಊರಿಗೆ ಮರಳಿದ್ದ. ಅವನ ಪರವಾಗಿ ಸಂಘದಲ್ಲಿ ಎದ್ದು ನಿಂತವನು ಯೋರುಂದುರ್. ಹಗ್ಗ ಹಿಡಿಯುವುದರಿಂದ ಮತ್ತೆ ಕಲಿಸಿದವನೂ ಅವನೇ.

ಕಲ್ಲಿನ ದೊಡ್ಡ ದೊಡ್ಡಿಯ ಸುತ್ತ ಆಗಲೇ ಜನ ಸೇರಿದ್ದರು. ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇಯ್ದ ಕುದುರೆಗಳನ್ನು ನಿನ್ನೆ ಕೆಳಗಿಳಿಸಿದ್ದರು. ಈಗ ಅವು ಪಕ್ಕದ ಬಯಲಲ್ಲಿದ್ದವು. ಇವತ್ತು ದೊಡ್ಡಿಗೆ ನುಗ್ಗಿಸಿ, ಯಾವುದು ಯಾವ ಮನೆಯದೆಂದು ವಿಂಗಡಿಸಬೇಕು. ಗೋಡೆಯ ಮೇಲೆ ಕಾಫಿಯ ಪಾತ್ರೆ, ಕ್ಲೇನಾ ಎಂಬ ಕರಿದ ಸಿಹಿತಿಂಡಿಯ ತಟ್ಟೆ.

ಅಲ್ದಿಸ್ ಎಲ್ಲರೆದುರೇ ಕೈಗವಸು ಹಿಡಿದು ಕೇಳಿದಳು. "ಕೆತಿಲ್, ಇದು ನಿನ್ನದಾ?"

"ನಂದು."

"ದ್ರೀವಾನ ನೀನು ಓಡಿಸಿದ್ಯಾ?"

"ಇಲ್ಲ."

"ನಾಯಿ ಬಾಲ ನಳಿಗೆಗೆ ಹಾಕಿದ್ರೂ ಅಷ್ಟೇ," ಎಂದ ಗ್ಲೂಮುರ್. "ವಿಂಗಡಣೆ ಮುಗೀಲಿ. ಇಲ್ಲೇ ತೀರ್ಮಾನ ಮಾಡಿಬಿಡೋಣ. ಇನ್ಮೇಲೆ ಯಾವ ಲಾಯದ ಹೊಸ್ತಿಲೂ ತುಳೀಬಾರ್ದು ಇವನು."

ಯಾರೂ ಬೇಡವೆನ್ನಲಿಲ್ಲ. ಒಬ್ಬಳು ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೆತಿಲ್ ತಲೆಯೆತ್ತಿ ಒಮ್ಮೆ ಯೋರುಂದುರ್ ಕಡೆ ನೋಡಿದ. ಯೋರುಂದುರ್ ಕಾಫಿಯ ಲೋಟದೊಳಗೆ ನೋಡುತ್ತಿದ್ದ.

ಅಲ್ದಿಸ್ ಕೆತಿಲ್‌ನನ್ನು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಊರೆಲ್ಲ ನೋಡಿತು.

* * *

"ರಕ್ತ ಹೇಗೆ ಬಂತು?"

"ಬೆಳಕು ಹರಿಯೋ ಮುಂಚೆ ಹುಲ್ಲು ಹಾಕೋಕೆ ಹೋಗಿದ್ದೆ. ದ್ರೀವಾ ಬಾಯಿ ನೋಡಿದೆ. ಉಪ್ಪುನೀರಲ್ಲಿ ತೊಳೆದೆ. ಹುಲ್ಲು ನೆನೆಸಿಟ್ಟೆ."

"ಆಮೇಲೆ ಓಡಿಹೋದೆ."

ಕೆತಿಲ್ ಕಿಟಕಿಯ ಕಡೆ ತಿರುಗಿದ. "ಹೌದು. ಹಾಲ್ಬೇರಾಗೆ ಹೇಳ್ಬೇಕಿತ್ತು. ಆದ್ರೆ ಆ ಲಾಯದಲ್ಲಿ ಇದ್ದಿದ್ದು ರಕ್ತ, ಪಕ್ಕದಲ್ಲಿ ನಾನೊಬ್ಬನೇ. ಯಾರು ನಂಬ್ತಾರೆ? ಕೈಗವಸು ಹುಲ್ಲಿನ ಹಿಂದೆ ಎಸೆದು, ನೋಯ್ತಿರೋ ಕುದುರೇನ ಬಿಟ್ಟು ಬಂದೆ. ಅದಕ್ಕೆ ಬೇಕಾದ್ರೆ ಶಿಕ್ಷೆ ಕೊಡು."

"ಕಾಲಿಗೆ ಪಟ್ಟಿ ಸುತ್ತಿದ್ದು?"

"ಮೊದಲೇ ಇತ್ತು."

"ಅದು ಯಾರ ಕೈ ಅಂತ ನಿಂಗೆ ಗೊತ್ತು."

"ನಿಂಗೂ ಹಾಗೇ ಸುತ್ತೋಕೆ ಬರುತ್ತೆ, ನಂಗೂ ಬರುತ್ತೆ. ಎಲ್ರೂ ಒಬ್ಬನ ಹತ್ರಾನೇ ಕಲಿತಿದ್ದು ತಾನೆ?"

"ಕೆತಿಲ್, ಅವರು ನಿನ್ನ ಹೊರಗೆ ಹಾಕ್ತಾರೆ."

"ಗೊತ್ತು. ಕುದುರೆ ಇಲ್ದೆ ಇದ್ದಾಗ ನಾನು ಹೇಗಿದ್ದೆ ಅಂತ ನೀನು ನೋಡಿದೀಯ. ಇನ್ನೊಂದು ಸಲ ಅದು ನನ್ನಿಂದ ಆಗಲ್ಲ. ಆದ್ರೂ ನಾನು ಯಾರ ಹೆಸರೂ ಹೇಳಲ್ಲ."

ಅಲ್ದಿಸ್ ಕಾರಿನಿಂದ ಇಳಿದಳು. ಸುಳ್ಳು ಹೇಳುವವನು ಇನ್ನೊಬ್ಬನ ಮೇಲೆ ಹಾಕುತ್ತಾನೆ. ಇವನು ತನ್ನ ಮೇಲೇ ಹಾಕಿಕೊಳ್ಳುತ್ತಿದ್ದ.

* * *

ಅವಳು ಬಯಲಿನ ಬೇಲಿಗೆ ಒರಗಿ ನಿಂತಳು. ಏನೋ ಕಡಿಮೆಯಾದ ಹಾಗಿತ್ತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಸದ್ದು ಕಡಿಮೆಯಾಗಿತ್ತು.

ನಿನ್ನೆ ಸಂಜೆಯೆಲ್ಲ ಒಂದು ಕಪ್ಪು ಹೆಣ್ಣು ಕುದುರೆ ಬೆಟ್ಟದ ಕಡೆ ಮುಖ ಮಾಡಿ ಕೆನೆಯುತ್ತಿತ್ತು. 'ಮರಿ ಮಂದೇಲೇ ಎಲ್ಲೋ ಇರುತ್ತೆ, ಬೆಳಗ್ಗೆ ಸೇರ್ಕೊಳುತ್ತೆ' ಎಂದಿದ್ದ ಯೋರುಂದುರ್. ಅವನ ಮಾತು ಕೇಳಿ ಜನ ಕಾಫಿಗೆ ಹೋಗಿದ್ದರು. ಇವತ್ತು ಆ ಕಪ್ಪು ಕುದುರೆ ನೆಮ್ಮದಿಯಾಗಿ ಮೇಯುತ್ತಿತ್ತು. ಹೊಟ್ಟೆಯ ಕೆಳಗೆ ಮರಿ ಹಾಲು ಕುಡಿಯುತ್ತಿತ್ತು.

ಮರಿಯ ಕಾಲು ಮಂಡಿಯವರೆಗೂ ಕೆಂಪಾಗಿತ್ತು.

ಮಂದೆಯೆಲ್ಲ ಹೊಳೆ ದಾಟಿ ಬಂದದ್ದು. ಒಂದೊಂದರ ಕಾಲೂ ತೊಳೆದ ಹಾಗಿತ್ತು. ಈ ಮರಿ ಮಾತ್ರ ಹೊಳೆಗೆ ಇಳಿದಿರಲಿಲ್ಲ. ಅದು ಮಂದೆಯ ಜೊತೆ ಬಂದದ್ದಲ್ಲ. ಆಮೇಲೆ, ಕತ್ತಲಲ್ಲಿ, ಸೇತುವೆಯ ಮೇಲೆ ಬಂದದ್ದು. ಯಾರೋ ಕರೆತಂದದ್ದು.

ಕಾರಿನ ಹಿಂದಿನ ಸೀಟಿನಲ್ಲಿ ಬಗ್ಗಿ ಕುಳಿತ ತಲೆ ಅವಳಿಗೆ ಇಲ್ಲಿಂದಲೇ ಕಾಣುತ್ತಿತ್ತು.

* * *

ಯೋರುಂದುರ್ ದೊಡ್ಡಿಯ ಆಚೆ ಬದಿಯಲ್ಲಿ ಒಬ್ಬನೇ ಇದ್ದ. ಆ ಕಣಿವೆಯಲ್ಲಿ ಪಾದ್ರಿಗೂ ಏಕವಚನ, ದೇವರಿಗೂ ಏಕವಚನ. ಯೋರುಂದುರ್‌ನನ್ನು ಮಾತ್ರ ಜನ 'ದೊರೆ' ಎನ್ನುತ್ತಿದ್ದರು. ಮಂದೆ ಇಳಿಸುವ ಸವಾರರ ಮುಖಂಡ ಬೆಟ್ಟದ ದೊರೆ. ಕೊನೆಯ ಪ್ರಾಣಿ ಇಳಿದ ಮೇಲೆ ಅವನು ಟೋಪಿ ತೆಗೆದು 'ಬೆಟ್ಟ ಬರಿದಾಗಿದೆ' ಎಂದು ಕೂಗಬೇಕು. ಆ ಮಾತಿನ ಮೇಲೆ ಬೆಟ್ಟದ ಗೇಟು ಮುಚ್ಚುತ್ತದೆ. ಆಮೇಲೆ ಹಿಮ ಬೀಳುತ್ತದೆ. ಮೇಲೆ ಉಳಿದ ಜೀವ ಉಳಿಯುವುದಿಲ್ಲ.

"ದೊರೆ, ಕಪ್ಪು ಕುದುರೆ ಮರಿ ಸಿಕ್ತಲ್ಲ," ಎಂದಳು ಅಲ್ದಿಸ್.

"ಸಿಗುತ್ತೆ ಅಂದಿದ್ನಲ್ಲ."

"ಬೆಟ್ಟದಿಂದ ಅದನ್ನ ಯಾರೋ ಕತ್ತಲಲ್ಲಿ ಇಳಿಸ್ಕೊಂಡು ಬಂದಿದಾರೆ. ದ್ರೀವಾ ಮೇಲೆ ಹೋಗಿ. ಹೆಣ್ಣು ಕುದುರೆ ಮುಂದೆ ಹೋದ್ರೆ ಮರಿ ಹಿಂದೆ ಬರುತ್ತೆ ಅಂತ ತಿಳಿದವರು."

ಯೋರುಂದುರ್ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡ.

"ಕಾಲಿನ ಪಟ್ಟಿ ನೋಡಿದೆ. ಹಾಗೆ ಸುತ್ತೋಕೆ ನಂಗೂ ಬರುತ್ತೆ. ಹಳೆ ಕಡಿವಾಣ ನಿನ್ನ ಹತ್ರ ಇದೆ, ಗ್ಲೂಮುರ್ ಹತ್ರಾನೂ ಇದೆ. ಅದರಿಂದ ಏನೂ ಗೊತ್ತಾಗಲ್ಲ. ನಂಗೆ ಅರ್ಥ ಆಗದೆ ಇದ್ದಿದ್ದು ಒಂದೇ. ಗ್ಲೂಮುರ್ ಆಗಿದ್ರೆ ಇಷ್ಟು ಹೊತ್ತಿಗೆ ಮರೀನ ಹೆಗಲ ಮೇಲೆ ಹೊತ್ಕೊಂಡು ಬಂದೆ ಅಂತ ಕಥೆ ಹೇಳ್ತಿದ್ದ. ಕೆತಿಲ್ ಆಗಿದ್ರೆ ಆ ಒಂದು ಮಾತು ಅವನನ್ನ ಅರ್ಧ ಉಳಿಸ್ತಿತ್ತು. ಸಾಯೋ ಮರೀನ ಉಳಿಸಿ ಅದನ್ನ ಮುಚ್ಚಿಡೋರು ಯಾರು?"

ಗಾಳಿ ಬೀಸಿತು. ಮುದುಕನ ಕಣ್ಣಲ್ಲಿ ನೀರಾಡಿತು.

"ಬೆಟ್ಟ ಬರಿದಾಗಿದೆ ಅಂತ ಕೂಗಿದವನು," ಎಂದಳು ಅಲ್ದಿಸ್. "ಮರಿ ಮೇಲೆ ಉಳಿದಿತ್ತು ಅಂತ ಊರಿಗೆ ಗೊತ್ತಾದ್ರೆ ಮಾತು ಹೋಗೋದು ಅವನೊಬ್ಬನದೇ."

ಯೋರುಂದುರ್ ಗೋಡೆಯ ಕಲ್ಲಿನ ಮೇಲೆ ಕುಳಿತ.

"ಆ ತಾಯಿ ಸುಮ್ನಾಗಲೇ ಇಲ್ಲ," ಎಂದ. "ಹಾಸಿಗೇಲಿ ಮಲಗಿ ಕೇಳ್ತಿದ್ದೆ. ಪ್ರಾರ್ಥನೆ ಮಾಡೋಕೆ ಹೋದ್ರೆ ಅದರ ಕೂಗೇ ಬಾಯಿಗೆ ಬರ್ತಿತ್ತು. ಕೊರಕಲು ನೋಡದೆ ಇಳಿದಿದ್ದೆ ನಾನು. ಬೇಗ ಮುಗೀಲಿ ಅಂತ."

"ನಿನ್ನ ಕುದುರೆಗಳು?"

"ದಣಿದಿದ್ವು. ದಣಿದ ಕುದುರೆಗೆ ಮತ್ತೆ ಜೀನು ಹಾಕ್ಬಾರ್ದು." ತನ್ನ ಮಾತು ತನಗೇ ಕೇಳಿಸಿದಂತೆ ನಿಲ್ಲಿಸಿದ. "ನನ್ನ ಕುದುರೆಗೆ ನಾನು ಧರ್ಮ ನಡೆಸಿದೆ. ಹಾಲ್ಬೇರಾ ಕುದುರೆ ಬಾಯಿಗೆ ನನ್ನ ಕಬ್ಬಿಣ ಹಾಕಿದೆ. ಜಾರೋ ಕಲ್ಲು ಅಂತ ದ್ರೀವಾ ಹೆದರಿ ನಿಂತಳು. ನಾನು ಕಾಯಲಿಲ್ಲ. ಎಳೆದೆ. ಬಿದ್ದಳು. ಎದ್ದಳು. ಮತ್ತೆ ಎಳೆದೆ."

"ಕೆತಿಲ್‌ನ ಕಾರಲ್ಲಿ ಕೂರಿಸ್ದಾಗ?"

"ಕಾಫಿ ಕುಡೀತಿದ್ದೆ," ಎಂದ.

"ಕಾನೂನಿನ ಕೆಲಸ ನಾನು ಮಾಡ್ತೀನಿ," ಎಂದಳು ಅಲ್ದಿಸ್. "ಉಳಿದಿದ್ದನ್ನ ನೀನೇ ಹೇಳ್ತೀಯಾ, ನಾನು ಹೇಳ್ಲಾ?"

* * *

ಅವನು ದೊಡ್ಡಿಯ ನಡುವೆ ಹೋಗಿ ನಿಂತು ಟೋಪಿ ತೆಗೆದ. ವಿಂಗಡಣೆ ಶುರುವಾಯಿತೆಂದು ಜನ ಗೋಡೆ ಹತ್ತಿದರು.

"ಬೆಟ್ಟ ಬರಿದಾಗಿರಲಿಲ್ಲ," ಎಂದ.

ಮಿಕ್ಕದ್ದನ್ನು ಮೆಲ್ಲನೆ ಹೇಳಿದ. ಕೊರಕಲು, ಮರಿ, ಕಡಿವಾಣ, ಕೆತಿಲ್. ಯಾವುದನ್ನೂ ಮೆದು ಮಾಡಲಿಲ್ಲ. ಮಗುವನ್ನು ಎಳೆದುಕೊಂಡಿದ್ದವಳು ಅದರ ಟೋಪಿಯನ್ನು ಸುಮ್ಮನೆ ಸರಿಪಡಿಸುತ್ತಿದ್ದಳು. ಗ್ಲೂಮುರ್ ಬೂಟಿನ ತುದಿಯಿಂದ ಒಂದು ಕಲ್ಲನ್ನು ಅತ್ತಿತ್ತ ಉರುಳಿಸಿದ.

ಅಲ್ದಿಸ್ ಕಾರಿನ ಬಾಗಿಲು ತೆಗೆದಳು. ಕೈಗವಸು ಚಾಚಿದಳು. ಎಲ್ಲರೆದುರು ಕೇಳಿದವಳು ಅವಳು. ಮೊದಲು ಅಂಗೈ ಚಾಚಿ ಕಾಯುವ ಪಾಠ ಕುದುರೆಯ ಮುಂದೆ ನೆನಪಿತ್ತು, ಮನುಷ್ಯನ ಮುಂದೆ ಮರೆತಿತ್ತು.

"ತಪ್ಪಾಯ್ತು ಕೆತಿಲ್."

ಅವನು ಕೈಗವಸು ತೆಗೆದುಕೊಂಡ. "ದ್ರೀವಾ ನೀರು ಕುಡಿದ್ಲಾ?" ಎಂದು ಕೇಳಿದ.

ಪಶುವೈದ್ಯ ಬಂದು ನೋಡಿದ್ದ. ಬಾಯಿ ಮಾಯುತ್ತದೆ, ಕಾಲಿಗೆ ಚಳಿಗಾಲವೆಲ್ಲ ಬೇಕು, ಹೆದರಿಕೆಯ ಮಾತು ಮಾತ್ರ ನನಗೆ ಗೊತ್ತಿಲ್ಲ ಎಂದಿದ್ದ. ಯೋರುಂದುರ್ ಲಾಯದ ಬಾಗಿಲವರೆಗೆ ಬಂದು ಅಲ್ಲೇ ನಿಂತ. ಒಳಗೆ ದ್ರೀವಾ ಗೋಡೆಗೆ ಸರಿಯಿತು. ಆ ಕಣಿವೆಯಲ್ಲಿ ಒಂದು ಕುದುರೆ ಅವನನ್ನು ಕಂಡು ಹಿಂದೆ ಸರಿದದ್ದು ಅದೇ ಮೊದಲು.

"ನನ್ನಿಂದ ಆಗೋದು ಏನಾದ್ರೂ ಇದ್ರೆ," ಎಂದ ಮುದುಕ.

"ನಿನ್ನ ಮುಖ ನೋಡೋಕೆ ನಂಗೆ ಇಷ್ಟ ಇಲ್ಲ," ಎಂದಳು ಹಾಲ್ಬೇರಾ.

ಕೆತಿಲ್ ಖಾಲಿ ಬಕೆಟ್ಟನ್ನು ಹೊಸ್ತಿಲ ಮೇಲಿಟ್ಟ. "ನೀರು ತರ್ಲಿ ಹಾಲ್ಬೇರಾ. ದಿನಾ ತರ್ಲಿ. ಒಳಗೆ ಬರೋದು ಬೇಡ. ಅವಳೇ ಬಂದು ಮೂಸೋವರೆಗೂ ಹೊರಗೇ ನಿಂತಿರ್ಲಿ."

ಹಾಲ್ಬೇರಾ ಬೇಡವೆನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ.

ಯೋರುಂದುರ್ ಹೋಗಿ ನೀರು ತಂದ. ಹೊಸ್ತಿಲ ಹೊರಗೆ ಬಕೆಟ್ಟು ಹಿಡಿದು, ಇನ್ನೊಂದು ಅಂಗೈ ಚಾಚಿ ನಿಂತ. ದ್ರೀವಾ ಬರಲಿಲ್ಲ. ದೊಡ್ಡಿಯಲ್ಲಿ ವಿಂಗಡಣೆ ಅವನಿಲ್ಲದೆಯೇ ನಡೆಯಿತು. ಬಿಸಿಲು ಗುಡ್ಡದ ಆಚೆ ಇಳಿಯಿತು, ಜನ ತಮ್ಮ ತಮ್ಮ ಕುದುರೆಗಳನ್ನು ಹೊಡೆದುಕೊಂಡು ಲಾಯದ ಮುಂದೆಯೇ ಹಾದುಹೋದರು, ಒಬ್ಬರೂ ದೊರೆ ಎಂದು ಕರೆಯಲಿಲ್ಲ. ಬಕೆಟ್ಟಿನ ಭಾರಕ್ಕೆ ತೋಳು ಇಳಿದು ನೀರು ತುಳುಕುತ್ತಿತ್ತು. ಅವನು ಅದನ್ನು ಕೆಳಗಿಡಲಿಲ್ಲ.