ಎದುರಿನ ಕುರ್ಚಿ

ಅವನು ಮೊದಲ ಸಲ ಹೊಲಿಗೆ ಕೋಣೆಗೆ ಬಂದದ್ದು ಒಂದು ಪರದೆ ಕೇಳುವುದಕ್ಕೆ.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ದೊಡ್ಡ ಮೆಷಿನ್‌ಗಳ ಪಕ್ಕದಲ್ಲಿತ್ತು ಆ ಕೋಣೆ. ಹರಿದ ಬೆಡ್‌ಶೀಟು, ರೋಗಿಗಳ ಗುಂಡಿ ಕಿತ್ತ ಅಂಗಿ, ಬಾಯಿ ಬಿಚ್ಚಿದ ದಿಂಬಿನ ಚೀಲ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಓದು ಅರ್ಧಕ್ಕೇ ಬಿಟ್ಟು ದೊಡ್ಡಮ್ಮನ ಜೊತೆ ಕೆಲಸಕ್ಕೆ ಸೇರಿದ್ದ ಅವಳು ಕಿಟಕಿಯ ಹತ್ತಿರ ತಲೆ ತಗ್ಗಿಸಿ ಕೂತಿದ್ದಳು. ಇಷ್ಟು ವರ್ಷಗಳಾದ ಮೇಲೂ, ಬಿಸಿ ಇಸ್ತ್ರಿಯ ವಾಸನೆ ಮೂಗಿಗೆ ಬಡಿದರೆ ಅವಳಿಗೆ ಕಾಣುವುದು ಅಂದು ಬಾಗಿಲಲ್ಲಿ ನಿಂತಿದ್ದ ಆ ಸವೆದ ಚಪ್ಪಲಿಗಳೇ. ಮುಖ ನೋಡುವ ಧೈರ್ಯ ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿದಿತ್ತು.

"ನನ್ನ ರೂಮಿಗೆ ಬಾಗಿಲಿಲ್ಲ," ಅಂದ. "ಜನ ಕಷ್ಟ ಹೇಳ್ಕೊಂಡು ಅಳ್ತಾರೆ. ಹೋಗೋರು ಬರೋರೆಲ್ಲ ನಿಂತು ನೋಡ್ತಾರೆ. ಒಂದು ಪರದೆ ಹೊಲಿದು ಕೊಡೋಕಾಗುತ್ತಾ?"

ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿದಳು. "ಯಾವ ವಾರ್ಡು?"

"ವಾರ್ಡಲ್ಲ. ಮೆಟ್ಟಿಲ ಕೆಳಗೆ. ನಾನು ಇಲ್ಲಿನ ಸೋಶಿಯಲ್ ವರ್ಕರ್."

"ಓ, ಸಮಾಧಾನದವರು ನೀವೇನಾ?"

ಅವನು ನಕ್ಕ. ಆಗ ಅವಳು ತಲೆ ಎತ್ತಿದಳು.

ಇಡೀ ಆಸ್ಪತ್ರೆಗೆ ಅವನೊಬ್ಬನೇ. ಕರೆದುಕೊಂಡು ಹೋಗಲು ಯಾರೂ ಬಾರದ ಅಜ್ಜನಿರಲಿ, ಆಪರೇಷನ್‌ಗೆ ಒಪ್ಪದ ಹೆಂಡತಿಯಿರಲಿ, ಹೇಳಲು ಡಾಕ್ಟರಿಗೇ ನಾಲಿಗೆ ಏಳದ ಸುದ್ದಿಯಿರಲಿ, "ಆ ಸಮಾಧಾನದವರನ್ನ ಕರೀರಿ" ಅನ್ನುತ್ತಿದ್ದರು. ಬೆಡ್ ಬೇಗ ಖಾಲಿ ಮಾಡಿಸಲಿಲ್ಲವೆಂದು ಮೇಲಿನವರ ಬೈಗುಳ. ಖಾಲಿ ಮಾಡಿ ಅಂದನೆಂದು ರೋಗಿಯ ಕಡೆಯವರ ಬೈಗುಳ. ಎರಡೂ ಅವನ ಪಾಲಿಗೇ. ಇಷ್ಟಾಗಿ ಕೆಲಸವೇನೂ ಕಾಯಂ ಅಲ್ಲ; ವರ್ಷಕ್ಕೊಮ್ಮೆ ಮೇಲಿನವರು ಮನಸ್ಸು ಮಾಡಿದರೆ ಮುಂದುವರಿಯಬೇಕು.

ಆಪರೇಷನ್ ಥಿಯೇಟರಿನಲ್ಲಿ ಉಳಿದಿದ್ದ ಹಸಿರು ಬಟ್ಟೆಯಲ್ಲಿ ಅವಳು ಪರದೆ ಹೊಲಿದಳು. ಕಟ್ಟಲು ಹೋದಾಗ ಅವನ ರೂಮು ನೋಡಿದಳು. ಮೆಟ್ಟಿಲ ಓರೆಗೆ ತಲೆ ತಾಗದಂತೆ ಬಗ್ಗಿ ಓಡಾಡಬೇಕು. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಸಮುದ್ರದ ಒಂದು ಚಿತ್ರ.

ಅವಳು ಸ್ಟೂಲ್ ಮೇಲೆ ನಿಂತು ಪರದೆಯನ್ನು ಸರಳಿನ ಬಳೆಗಳಿಗೆ ಸಿಕ್ಕಿಸುತ್ತಿರುವಾಗ ಒಬ್ಬ ಮುದುಕಿ ಬಂದು ಕೂತಳು. ಅವನು ಮೇಜಿನಾಚೆಯ ತನ್ನ ಕುರ್ಚಿಯನ್ನು ಎತ್ತಿ ತಂದು ಮುದುಕಿಯ ಪಕ್ಕದಲ್ಲಿ ಹಾಕಿಕೊಂಡ. ಇಬ್ಬರೂ ಸಮುದ್ರ ನೋಡುತ್ತ ಕೂತರು. ಬಹಳ ಹೊತ್ತಿನ ಮೇಲೆ ಮುದುಕಿ, "ಮಗ ಹೋಗ್ಬಿಟ್ಟ ಕಣಪ್ಪ," ಅಂದು ಅವನ ಭುಜಕ್ಕೆ ತಲೆಯಿಟ್ಟಳು.

ಅವಳು ಸದ್ದಾಗದಂತೆ ಸ್ಟೂಲ್ ಇಳಿದು ಬಂದಳು. ಅಂದಿನಿಂದ ಹೊಲಿಗೆ ಸೊಟ್ಟಗೆ ಹೋಗತೊಡಗಿತು.

ಅವನೂ ಮಧ್ಯಾಹ್ನ ಟೀ ಹಿಡಿದು ಹೊಲಿಗೆ ಕೋಣೆಗೆ ಬರತೊಡಗಿದ. ಬಂದವನು ಅವಳ ಮೆಷಿನ್‌ನ ಎದುರಿಗೇ ಕುರ್ಚಿ ಎಳೆದುಕೊಳ್ಳುತ್ತಿದ್ದ.

"ಮತ್ತೆ ಗುಂಡಿ ಹೋಯ್ತು," ಅನ್ನುತ್ತಿದ್ದ.

"ಮೊನ್ನೆ ತಾನೇ ಹಾಕಿಕೊಟ್ಟೆ."

"ದಾರ ಗಟ್ಟಿ ಇರಲಿಲ್ಲವೇನೋ."

"ದಾರ ಗಟ್ಟಿಯಾಗೇ ಇತ್ತಪ್ಪ," ಆಚೆಯಿಂದ ದೊಡ್ಡಮ್ಮ ಅನ್ನುತ್ತಿದ್ದಳು. "ಕೀಳೋ ಕೈಯೂ ಗಟ್ಟಿ ಇದೆ, ಅದೇ ತೊಂದರೆ."

ಅವನ ಕಿವಿ ಕೆಂಪಾಗುತ್ತಿತ್ತು. ಅವಳು ಸೂಜಿಗೆ ದಾರ ಪೋಣಿಸುತ್ತ, ಪೋಣಿಸಿದ ಮೇಲೂ ಪೋಣಿಸುತ್ತಲೇ ಇರುತ್ತಿದ್ದಳು. ಕಣ್ಣೆತ್ತಿದರೆ ಅವನ ನೋಟ ಅಲ್ಲೇ ಇರುತ್ತಿತ್ತು.

ಆದರೂ ಒಂದು ಮುಳ್ಳು ಒಳಗೇ ಮುರಿದುಕೊಂಡಿತ್ತು. ವಾರ್ಡಿಗೆ ಬಟ್ಟೆ ಕೊಡಲು ಹೋದಾಗೆಲ್ಲ ನೋಡುತ್ತಿದ್ದಳು: ಅವನು ಯಾರ ಎದುರಿಗೂ ಕೂರುವವನಲ್ಲ. ಗುರುತು ಪರಿಚಯವಿಲ್ಲದವರ ಪಕ್ಕದಲ್ಲೂ ಕೂರುತ್ತಾನೆ, ಮನೆಯವನ ಹಾಗೆ. ತನ್ನ ಎದುರಿಗೆ ಮಾತ್ರ ಆಫೀಸರ ಹಾಗೆ ಕುರ್ಚಿ ಹಾಕುತ್ತಾನೆ. ಮೆತ್ತಗಿನ ಮಾತು? ಅದು ಎಲ್ಲರಿಗೂ ಇದೆ. ಮರುಕ ಅವನ ಉದ್ಯೋಗ. ಓದು ಬಿಟ್ಟ ಹುಡುಗಿ ಮೇಲೂ ಒಂದಿಷ್ಟು ಮರುಕ, ಅಷ್ಟೇ. ಪಕ್ಕದಲ್ಲಿ ಕೂರುವಷ್ಟು ಹತ್ತಿರದವಳಲ್ಲ ನಾನು ಅಂದುಕೊಂಡಳು. ಆಮೇಲೆ ಅವನು ಬಂದಾಗ ಹೂಂ, ಉಹೂಂ ಬಿಟ್ಟು ಮಾತಿಲ್ಲ. ಗುಂಡಿ ಹಾಕುವ ಕೆಲಸ ದೊಡ್ಡಮ್ಮನ ಕೈಗೆ ಹೋಯಿತು. ಗುಂಡಿ ಕೀಳುವುದೂ ನಿಂತಿತು.

ಆ ವರ್ಷ ಮೇಲಿನವರು ಮನಸ್ಸು ಮಾಡಲಿಲ್ಲ. ಸಮಾಧಾನದ ಕೆಲಸವನ್ನು ನರ್ಸುಗಳೇ ನೋಡಿಕೊಳ್ಳಲಿ ಅಂದರು. ಅವನಿಗೆ ದೂರದ ಇನ್ನೊಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವನು ಹೊರಡುವ ದಿನ ಅವಳು ಮೆಷಿನ್ ಬಿಟ್ಟು ಏಳಲಿಲ್ಲ. ಒಂದೇ ದಿಂಬಿನ ಚೀಲವನ್ನು ಬಿಚ್ಚಿ ಹೊಲಿದು, ಹೊಲಿದು ಬಿಚ್ಚುತ್ತಿದ್ದಳು.

"ಹೋಗಿ ಆ ಪರದೆ ಬಿಚ್ಕೊಂಡು ಬಾ," ಅಂದಳು ದೊಡ್ಡಮ್ಮ.

"ಯಾಕೆ? ಅಲ್ಲೇ ಇರಲಿ ಬಿಡು."

"ನನಗೆ ಬೇಕು. ಏಳೇ, ನಿನ್ನ ಮುಖ ನೋಡಿ ನೋಡಿ ನನಗೇ ಅಳು ಬರ್ತಿದೆ."

ಮೆಟ್ಟಿಲ ಕೆಳಗೆ ಅವನು ಚೀಲಕ್ಕೆ ಕಾಗದಪತ್ರ ತುಂಬುತ್ತಿದ್ದ. ಅವಳು ಸ್ಟೂಲ್ ಹತ್ತಿ ಪರದೆ ಬಿಚ್ಚಿದಳು, ಇಳಿದಳು. ಹೋಗಬೇಕಿತ್ತು. ಪರದೆಯನ್ನು ಮಡಿಲಲ್ಲಿಟ್ಟುಕೊಂಡು, ಅಳುವವರು ಕೂರುವ ಆ ಕುರ್ಚಿಯಲ್ಲಿ ಕೂತುಬಿಟ್ಟಳು.

ಅವನು ತನ್ನ ಕುರ್ಚಿ ಎತ್ತಿದ. ತಂದು ಅವಳ ಎದುರಿಗೆ ಹಾಕಿದ.

ತಿಂಗಳುಗಟ್ಟಲೆ ಒಳಗೆ ಹಿಡಿದಿಟ್ಟದ್ದು ಬಾಯಿಗೆ ಬಂತು. "ಎಲ್ಲರ ಪಕ್ಕದಲ್ಲೂ ಕೂರ್ತೀರಿ. ಹೋಗೋ ದಿನಾನೂ ನನಗೆ ಎದುರಿನ ಕುರ್ಚೀನೇನಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ತಲೆ ಎತ್ತಲು ಹೋಗಿ ಮೆಟ್ಟಿಲಿಗೆ ಬಡಿಸಿಕೊಂಡ.

"ಪಕ್ಕದಲ್ಲಿ ಕೂರೋದು ನನ್ನ ಕೆಲಸ," ಅಂದ, ತಲೆ ಉಜ್ಜಿಕೊಳ್ಳುತ್ತ. "ಅಳೋರ ಮುಖ ನೋಡಬಾರದು, ಅವರಿಗೆ ಸಂಕೋಚ ಆಗುತ್ತೆ. ಅದಕ್ಕೇ ಪಕ್ಕದಲ್ಲಿ ಕೂತು ಗೋಡೆ ನೋಡ್ತೀನಿ. ನಿಮ್ಮ ಹತ್ರ ಬರ್ತಿದ್ದದ್ದು ಕೆಲಸಕ್ಕಲ್ಲ."

"ಮತ್ತೆ?"

"ಬೆಳಗಿನಿಂದ ಗೋಡೆ ನೋಡಿರ್ತೀನಲ್ಲ. ನಿಮ್ಮ ಮುಖ ನೋಡೋಕೆ ಬರ್ತಿದ್ದೆ."

ಅವಳು ಹಸಿರು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

"ಅದನ್ನ ತೆಗೀರಿ," ಅಂದ ಅವನು ಮೆಲ್ಲಗೆ. "ಅಲ್ಲಿ ಹೋದ್ಮೇಲೆ ನನ್ನ ಎದುರಿಗೆ ಯಾರು ಕೂರ್ತಾರೆ ಅಂತ ಯೋಚನೆ ಮಾಡಿ ಮಾಡಿ ಸಾಕಾಗಿದೆ. ನೀವು ಬರ್ತೀರಾ?"

ಹೊರಗೆ ಟ್ರಾಲಿ ತಳ್ಳುತ್ತಿದ್ದ ಅಟೆಂಡರ್ ನಿಂತು ನೋಡುತ್ತಿದ್ದ. ಅವನ ಹಿಂದೆ ಒಬ್ಬ ನರ್ಸೂ ನಿಂತಿದ್ದಳು. ಅವಳು ಕುರ್ಚಿ ಬಿಟ್ಟು ಎದ್ದಳು, ಸ್ಟೂಲ್ ಹತ್ತಿದಳು, ಬಿಚ್ಚಿದ ಪರದೆಯನ್ನು ಒಂದೊಂದೇ ಬಳೆಗೆ ಮತ್ತೆ ಸಿಕ್ಕಿಸಿ ಪೂರ್ತಿ ಎಳೆದಳು. ಆಮೇಲೆ ಉತ್ತರ ಹೇಳಿದಳು.

ಹಿಂದಿರುಗಿದಾಗ ದೊಡ್ಡಮ್ಮ, "ಪರದೆ ಎಲ್ಲೇ?" ಅಂತ ಕೇಳಲಿಲ್ಲ. ಖಾಲಿ ಕೈ ನೋಡಿ ಕನ್ನಡಕ ಒರೆಸಿಕೊಂಡಳು.

ಮದುವೆಯಾದ ಮೇಲೆ ಆ ದೂರದ ಊರಿನ ಅವರ ಮನೆಯ ಅಡಿಗೆಕೋಣೆಯಲ್ಲೂ ಎರಡೇ ಕುರ್ಚಿ. ದಣಿದು ಬಂದರೂ ಅವನು ಕೂರುವುದು ಎದುರಿಗೇ. ಒಂದೇ ಒಂದು ದಿನ ಮಾತ್ರ, ಡ್ಯೂಟಿಯ ಮಧ್ಯದಲ್ಲೇ ಬಂದವನು ಚಪ್ಪಲಿಯನ್ನೂ ಬಿಡದೆ, ಕುರ್ಚಿ ಎತ್ತಿ ಅವಳ ಪಕ್ಕದಲ್ಲಿ ಹಾಕಿ, ಗೋಡೆ ನೋಡುತ್ತ ಕೂತ. ಅವನು ಬಾಯಿ ಬಿಡುವ ಮೊದಲೇ ಊರಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡಮ್ಮ ಇನ್ನಿಲ್ಲವೆಂದು ಅವಳಿಗೆ ತಿಳಿಯಿತು. ಅವನ ಭುಜಕ್ಕೆ ತಲೆಯಿಟ್ಟು ಅತ್ತಳು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಅತ್ತು ಸಾಕಾದ ಮೇಲೆ ಅವಳೇ ಎದ್ದು, ಅವನನ್ನೂ ಎಬ್ಬಿಸಿ, ಅವನ ಕುರ್ಚಿಯನ್ನು ಎಳೆದು ತನ್ನ ಎದುರಿಗೆ ಹಾಕಿದಳು.