ಹನ್ನೊಂದನೇ ಪುಟದ ಕ್ಷಿಪಣಿ

ಹೆಸ್ಟರ್ ಆಟದ ನಿಯಮಗಳ ಪುಸ್ತಿಕೆ ಎಸೆದ ರಭಸಕ್ಕೆ ಮೇಜಿನ ಮೇಲಿದ್ದ ಎರಡು ಪುಟಾಣಿ ಯುದ್ಧನೌಕೆಗಳು ಮಗುಚಿಬಿದ್ದವು.

"ಹನ್ನೊಂದನೇ ಪುಟ ಓದು. ಗಟ್ಟಿಯಾಗಿ ಓದು, ಎಲ್ಲರಿಗೂ ಕೇಳಲಿ."

ಹ್ಯಾಲಿಫ್ಯಾಕ್ಸಿನ ಆ ಚರ್ಚ್ ಹಾಲಿನಲ್ಲಿ ಶನಿವಾರದ ಆಟಕ್ಕೆ ಸೇರಿದ್ದವರೆಲ್ಲ ತಿರುಗಿ ನೋಡಿದರು. ಮೇಜಿನ ಆಚೆ ಕೂತಿದ್ದ ರೂಫಸ್ ತಲೆ ಎತ್ತಲಿಲ್ಲ. ಓದಿದ.

"ಕ್ಷಿಪಣಿ ಹಾರಿಸಿದ ಸರದಿಯಲ್ಲೇ ದಾಳ ಉರುಳಿಸಬೇಕು. ಆರು ಬಿದ್ದರೆ ಗುರಿ ನಾಶ."

"ನಾವು ಬರೆದಿದ್ದು ಇದಾ?"

"ಅಲ್ಲ."

ಅಂಗಡಿಯಿಂದ ತಂದ ಬಾಹ್ಯಾಕಾಶ ಯುದ್ಧದ ಆಟದಲ್ಲಿ ಇದ್ದದ್ದು ಈ ನಿಯಮವೇ. ತಪ್ಪಿಸಿಕೊಳ್ಳಲು ದಾರಿಯಿಲ್ಲ, ಬುದ್ಧಿಗೆ ಕೆಲಸವಿಲ್ಲ. ಅದನ್ನು ತಿದ್ದಲು ಇಬ್ಬರೂ ಎರಡು ವರ್ಷ ಕೂತಿದ್ದರು. ಅವರ ಕ್ಷಿಪಣಿ ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಮೂರು ಸರದಿ ಹಾರುತ್ತಿತ್ತು. ಎದುರಾಳಿ ತನ್ನ ನೌಕೆ ತಿರುಗಿಸಬಹುದು, ಕ್ಷಿಪಣಿಯನ್ನೇ ಹೊಡೆದುರುಳಿಸಬಹುದು. ಭೂಗೋಳದ ಮೇಷ್ಟ್ರು ರೂಫಸ್ ದೂರ ಅಳೆದ. ಬಸ್ ಓಡಿಸುವ ಹೆಸ್ಟರ್, ಭಾರದ ಗಾಡಿ ಎಷ್ಟು ಜಾಗದಲ್ಲಿ ತಿರುಗುತ್ತದೆಂದು ಹೇಳಿದಳು. ಬಗ್ಗಿ ಅಳೆಯುವಾಗ ಅವನ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದನ್ನು ಮೇಲೆ ತಳ್ಳಲು ಅವಳ ಬೆರಳು ಎಷ್ಟು ಸಲ ಎದ್ದು, ಹಾಗೇ ಹಿಂದೆ ಬಂದಿತ್ತೋ!

"ಮತ್ಯಾಕೆ ಬದಲಾಯಿಸ್ದೆ? ನನ್ನನ್ನ ಒಂದು ಮಾತು ಕೇಳಿದ್ಯಾ?"

"ಆಟ ತುಂಬ ಉದ್ದ ಆಗ್ತಿತ್ತು."

"ಸುಳ್ಳು! ಮುಖ ನೋಡಿ ಹೇಳು."

ಅವನು ಮುಖ ಎತ್ತಿದ. ಕಣ್ಣುಗಳು ಕೆಂಪಾಗಿದ್ದವು.

"ಸರಿ, ನಿಜಾನೇ ಹೇಳ್ತೀನಿ. ಅಷ್ಟು ದೂರದ ಅಬರ್ಡೀನಿಗೆ ವರ್ಗ ಮಾಡಿಸ್ಕೊಂಡಿದ್ದೀಯಂತೆ. ಊರಿಗೆಲ್ಲ ಗೊತ್ತು, ನಂಗೆ ಮಾತ್ರ ಗೊತ್ತಿಲ್ಲ. ವಿನಿಫ್ರೆಡ್ ಟೀ ಕೊಡ್ತಾ ಹೇಳಿದ್ರು. ಅವತ್ತೇ ನಮ್ಮ ನಿಯಮ ಹೊಡೆದುಹಾಕಿ, ಹಳೇದನ್ನೇ ಅಚ್ಚಿಗೆ ಕೊಟ್ಟೆ. ನೀನಿಲ್ದೆ ಆ ಆಟ ಯಾರ ಜೊತೆ ಆಡ್ಲಿ?"

"ನನ್ನನ್ನ ಎಳೀಬೇಡಿ," ಟೀ ಪಾತ್ರೆಯ ಹಿಂದಿನಿಂದ ಮುದುಕಿ ವಿನಿಫ್ರೆಡ್ ಕೂಗಿದಳು. "ಇಷ್ಟು ದಿನದಿಂದ ಇಬ್ರೂ ಬಾಯಿ ಬಿಡದೆ ಕತ್ತೆಗಳ ಹಾಗೆ ನಿಂತಿದ್ರೆ ನಾನೇನ್ಮಾಡ್ಲಿ?"

ಯಾರೋ ಕಿಸಕ್ಕೆಂದರು. ಹೆಸ್ಟರ್ ನಗಲಿಲ್ಲ.

"ಸಿಟ್ಟಿಗೆ ನನ್ನ ಎರಡು ವರ್ಷದ ಕೆಲಸ ಅಳಿಸಿಬಿಟ್ಯಲ್ಲ! ನಾನ್ಯಾಕೆ ಅರ್ಜಿ ಹಾಕಿದೆ ಗೊತ್ತಾ? ಇಲ್ಲೇ ಇರು ಅನ್ನೋರು ಒಬ್ರೂ ಇರ್ಲಿಲ್ಲ."

"ನಾನಿದ್ದೆ!"

"ನೀನು ಅಳತೆಪಟ್ಟಿ ಹಿಡ್ಕೊಂಡಿದ್ದೆ!"

ರೂಫಸ್ ಕುರ್ಚಿ ತಳ್ಳಿ ಎದ್ದ.

"ಹಾಗಾದ್ರೆ ಈಗ ಹೇಳ್ತೀನಿ. ಹೋಗ್ಬೇಡ. ನಿನ್ನನ್ನ ಪ್ರೀತಿಸ್ತೀನಿ, ಅದಕ್ಕೆ. ಸಾಕಾ?"

ಬೈದ ಹಾಗಿತ್ತು ಆ ಮಾತು. ಹೆಸ್ಟರಳ ಕೆನ್ನೆ ಉರಿಯಿತು. ಆದರೂ ಹುಬ್ಬು ಗಂಟಿಕ್ಕಿಕೊಂಡೇ ಮೇಜು ಬಳಸಿ ಬಂದು, ಅವನ ಕೋಟಿನ ಅಂಚು ಹಿಡಿದೆಳೆದು ತುಟಿಗೆ ಮುತ್ತಿಟ್ಟಳು.

"ಸೋಮವಾರ ಡಿಪೋಗೆ ಹೋಗಿ ವರ್ಗ ಬೇಡ ಅಂತೀನಿ," ಎಂದಳು, ಏದುಸಿರು ಬಿಡುತ್ತ.

"ಸಿಟ್ಟು ಹೋಯ್ತಾ?"

"ಇಲ್ಲ. ಇನ್ನೊಂದು ತಿಂಗಳು ಇರುತ್ತೆ."

"ಇರ್ಲಿ," ಎಂದ ರೂಫಸ್, "ನೀನೂ ಇರ್ತೀಯಲ್ಲ."