ಅಳಿಸಿದ್ದು ಎಲ್ಲಿಗೆ ಹೋಗುತ್ತಿತ್ತು

“ನಿನ್ನ ಕಸಾನೆಲ್ಲ ನನ್ನ ಲ್ಯಾಪ್‌ಟಾಪಿನ್ಯಾಗ ತುಂಬಿ ಹಾಳು ಮಾಡಿಬಿಟ್ಟಿ. ನಿನ್ನ ನಂಬಿದ್ನಲ್ಲ, ನನ್ನ ಚಪ್ಲಿ ತಗೊಂಡು ನಾನಾ ಹೊಡ್ಕೋಬೇಕು.”

ಅಕ್ಷತಾ ಹೀಗೆ ಕೂಗಿದಾಗ ಆಫೀಸಿನವರೆಲ್ಲ ತಿರುಗಿದರು. ಬಳ್ಳಾರಿಯಲ್ಲಿ ಜೀನ್ಸ್ ಅಂಗಡಿಯೊಂದರ ಮೇಲಿರುವ ಪುಟ್ಟ ಸಾಫ್ಟ್‌ವೇರ್ ಕಂಪನಿ ಅದು. ಯಾರೋ ಕಿಸಕ್ಕನೆ ನಕ್ಕರು. ಇವರಿಗೇನು… ಸಂಬಳ ತಡವಾದರೆ ಬಾಯಿ ಬಿಡದ ಗಂಡಸರು, ಇನ್ನೊಬ್ಬನ ಮಾನ ಹೋಗುವಾಗ ಹಲ್ಲು ಬಿಡುವುದಕ್ಕೆ ಮಾತ್ರ ಮುಂದು!

ಬೈಸಿಕೊಂಡವನು ಅದೇ ಆಫೀಸಿನ ಗವಿಸಿದ್ದೇಶ್.

ಅವನ ಪರದೆ ಯಾವಾಗಲೂ ಕಪ್ಪು. ಮೌಸ್ ಮುಟ್ಟದೆ, ತಾನೇ ಬರೆದುಕೊಂಡ ಗಿಡ್ಡ ಕಮಾಂಡುಗಳನ್ನು ಟರ್ಮಿನಲ್ ಎಂಬ ಆ ಕಪ್ಪು ಕಿಟಕಿಯಲ್ಲಿ ಒತ್ತಿ ಕೆಲಸ ಮುಗಿಸುವವನು. ಆ ಸೆಟಪ್ಪನ್ನು ಹಸು ಸಾಕಿದಂತೆ ಸಾಕಿದ್ದ. ದಿನಾ ಒಂದಿಷ್ಟು ತಿದ್ದುತ್ತಿದ್ದ. ಅಕ್ಷತಾ ಕೇಳಿದಳೆಂದು ಅವಳಿಗೂ ಹಾಕಿಕೊಟ್ಟು, ಶನಿವಾರಕ್ಕೊಮ್ಮೆ ಪಕ್ಕದಲ್ಲಿ ಕೂತು ಸರಿಮಾಡುತ್ತಿದ್ದ.

ಶನಿವಾರ ಬಂದರೆ ಅವಳ ಎದೆ ಸುಮ್ಮನಿರುತ್ತಿರಲಿಲ್ಲ.

ಹೋದ ಶನಿವಾರ ಅವನು ಮೆಲ್ಲಗೆ ಕೇಳಿದ್ದ: “ಕುರುಗೋಡಿಂದ ಅವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ಲೇನು?”

ಸೋಮವಾರ ಹೇಳುತ್ತೇನೆಂದು ನಾಚಿ ಎದ್ದು ಹೋಗಿದ್ದಳು.

ಸೋಮವಾರ ಬಂದರೆ, ಹೊಸದಾಗಿ ಸೇರಿದ ಅಂಜನಾಳ ಪಕ್ಕದಲ್ಲಿ ಕೂತು ಅದೇ ಸೆಟಪ್ ಹಾಕುತ್ತಿದ್ದ!

‘ಹಂಗಾದ್ರ ಇವನು ಎಲ್ಲಾ ಹುಡುಗ್ಯಾರಿಗೂ ಹಿಂಗಾ…’

ಒಂದು ಮಾತೂ ಕೇಳದೆ, ಅವನು ಹಾಕಿದ್ದನ್ನೆಲ್ಲ ತನ್ನ ಲ್ಯಾಪ್‌ಟಾಪಿನಿಂದ ಕಿತ್ತೆಸೆದಳು. ಅವನ ಪ್ರಶ್ನೆಗೆ ಉತ್ತರವನ್ನೂ ಕೊಡಲಿಲ್ಲ.

ಇಂದು ಬೆಳಿಗ್ಗೆ, ಹಳೆಯ ಫೋಲ್ಡರ್ ಎಂದುಕೊಂಡು ಸಿರುಗುಪ್ಪದ ರೈಸ್ ಮಿಲ್ಲಿಗೆಂದು ಬರೆಯುತ್ತಿದ್ದ ಸಾಫ್ಟ್‌ವೇರನ್ನೇ ಅಳಿಸಿದ್ದಳು. ಕಂಪನಿಯ ಸರ್ವರ್‌ಗೂ ಕಳಿಸಿರಲಿಲ್ಲ, ಬೇರೆಲ್ಲೂ ಪ್ರತಿ ಇರಲಿಲ್ಲ. ಆದರೂ ಹೆದರಲಿಲ್ಲ, ಇಂಥ ತಪ್ಪು ಅವಳಿಗೆ ಹೊಸದಲ್ಲ. ಎಂದಿನಂತೆ ‘ತಾ’ ಎಂದು ಒತ್ತಿದಳು. ಅಳಿಸಿದ್ದು ಪ್ರತಿಸಲ ಹಾಗೆಯೇ ಮರಳುತ್ತಿತ್ತು.

ಅಂಥ ಕಮಾಂಡೇ ಇಲ್ಲ ಎಂದಿತು ಪರದೆ.

‘ತಾ’ ಕಂಪ್ಯೂಟರಿನದೇ, ಅವನ ಸೆಟಪ್ಪೇ ಅದನ್ನು ಕೆಡಿಸಿದೆ ಎಂದುಕೊಂಡಳು. ಅದಕ್ಕೇ ಈ ರಂಪ.

“ಕಂಪ್ಯೂಟರಿಗೆ ‘ತಾ’ ಅಂದ್ರ ಏನಂತ ಗೊತ್ತಿಲ್ಲ,” ಗವಿಸಿದ್ದೇಶ್ ಹೇಳಿದ. “ಅದು ನಾ ಬರದಿದ್ದು. ನೀ ಅಳಿಸಿದ್ದು ಹೋಗ್ತಿದ್ದಿಲ್ಲ, ಒಂದ್ ಕಡಿ ಎತ್ತಿಡ್ತಿತ್ತು. ಅದನ್ನೂ ಕಿತ್ತಿ.”

ಅಂಜನಾ ತನ್ನ ಟರ್ಮಿನಲ್‌ನಲ್ಲಿ ‘ತಾ’ ಒತ್ತಿ ನೋಡಿದಳು. “ನನ್ನದ್ರಾಗ ಇದು ಇಲ್ಲಲ್ಲ, ಸಿದ್ದೇಶಣ್ಣ?”

“ಅಕಿಗಷ್ಟಾ ಹಾಕಿದ್ದೆ.”

ಅಕ್ಷತಾ ಕೀಬೋರ್ಡಿನಿಂದ ಕೈ ತೆಗೆದಳು. ಎಷ್ಟು ಸಲ ತಪ್ಪು ಮಾಡಿದ್ದಳು… ಒಮ್ಮೆಯೂ ಎತ್ತಿ ಆಡದೆ ಕಾಯ್ದವನ ಕೆಲಸವನ್ನು ಕಸ ಎಂದಳಲ್ಲ! ಒಂದು ಪ್ರಶ್ನೆ ಕೇಳುವಷ್ಟೂ ಪುರುಸೊತ್ತು ಇರಲಿಲ್ಲವೇ ಈ ಜಂಬಕ್ಕೆ?

ಅವನು ಬ್ಯಾಗ್ ಹೆಗಲಿಗೇರಿಸಿದ. ನಕ್ಕವರು ಈಗ ಬಲು ಶ್ರದ್ಧೆಯಿಂದ ತಮ್ಮ ತಮ್ಮ ಪರದೆ ನೋಡುತ್ತಿದ್ದರು. ಹೇಡಿಗಳು.

“ಸಿದ್ದೇಶ್…” ಅವಳು ಎದ್ದು ನಿಂತಳು. “ಮಂದಿ ಮುಂದ ಬೈದೀನಿ, ಮಂದಿ ಮುಂದನ ಹೇಳ್ತೀನಿ. ನೀ ಇಲ್ದ ನಂಗಾಗಂಗಿಲ್ಲ. ಅವ್ವಾರನ್ನ ಕರ್ಕೊಂಡು ಬಾ.”

ಅವನು ಅವಳನ್ನು ನೋಡಿದ… ಎಡವಿದ ಕಲ್ಲನ್ನು ಒಮ್ಮೆ ತಿರುಗಿ ನೋಡುವಂತೆ.

ಮೆಟ್ಟಿಲಿಳಿದು ಹೋದ.